ಬಿಡಿ ಎಲೆಯ ಹಸಿರು ಚಹಾ, ಬಿಳಿ ಚಹಾ ನಮ್ಮ ಮನೆಯಲ್ಲಿ ಕಪ್ಪಾಗುವುದೇಕೆ? ಮಳೆಗಾಲಕ್ಕೆ ಮುಂಚೆ ಯಾವುದನ್ನು ಕೊಳ್ಳಲಿ?

ಹಿತ್ತಲಮನೆ (ಸಂತೆಕಟ್ಟೆ, ಉಡುಪಿ), ಮೇ 9

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನ ಗಣಿತ ಅಧ್ಯಾಪಕಿ. ನಮ್ಮದು ಬೆಳಿಗ್ಗೆ ಫಿಲ್ಟರ್ ಕಾಫಿ, ಸಂಜೆ ಹಾಲು ಹಾಕಿದ ಚಹಾ, ಮಳೆ ಹಿಡಿದ ಮೇಲೆ ಕೊತ್ತಂಬರಿ ಜೀರಿಗೆಯ ಕಷಾಯ ಕುಡಿಯುವ ಮನೆ. ಕಳೆದ ಡಿಸೆಂಬರಿನಲ್ಲಿ ಬೆಂಗಳೂರಿಗೆ ಮಗಳ ಮನೆಗೆ ಹೋಗಿದ್ದಾಗ ಅವಳು ಗಾಜಿನ ಲೋಟಕ್ಕೆ ಒಂದಿಷ್ಟು ಬಿಳಿ ಮೊಗ್ಗುಗಳನ್ನು ಹಾಕಿ ಬಿಸಿನೀರು ಹೊಯ್ದು ಕೊಟ್ಟಳು. ಮೊಗ್ಗುಗಳು ಸ್ವಲ್ಪ ಹೊತ್ತು ಮೇಲೆ ತೇಲಿದವು, ಆಮೇಲೆ ಒಂದೊಂದಾಗಿ ನೆಟ್ಟಗೆ ನಿಂತು ತಳಕ್ಕೆ ಇಳಿದವು. ನೀರಿಗೆ ಬಣ್ಣ ಬಂತೋ ಇಲ್ಲವೋ ಎನ್ನುವಷ್ಟು ತೆಳು ಹಳದಿ. ಕುಡಿದರೆ ಇಬ್ಬುಡ್ಲ (ಕರಬೂಜದ ಜಾತಿಯ) ಹಣ್ಣನ್ನು ಆಗಷ್ಟೇ ಸೀಳಿದಾಗ ಬರುವ ಪರಿಮಳ. ಹಾಲಿಲ್ಲ, ಸಕ್ಕರೆಯಿಲ್ಲ, ಆದರೂ ಲೋಟ ಕೆಳಗಿಟ್ಟ ಮೇಲೂ ಬಾಯಲ್ಲಿ ಸಿಹಿ ಉಳಿದಿತ್ತು. ಅಂದಿನಿಂದ ನನಗೆ ಅದೇ ಗುಂಗು.

ಈಗ ಮನೆಯಲ್ಲಿ ಮೂರು ಪೊಟ್ಟಣಗಳಿವೆ. ಮಗಳು ಕೊಟ್ಟ ನೀಲಗಿರಿಯ ಬಿಳಿ ಚಹಾ, ಅವಳ ಸಹೋದ್ಯೋಗಿ ಜಪಾನಿನಿಂದ ತಂದ ಸೆಂಚಾ, ನಾನೇ ಆನ್‌ಲೈನಿನಲ್ಲಿ ತರಿಸಿದ ಚೀನಾದ ಲಾಂಗ್‌ಜಿಂಗ್. ಕೊನೆಯ ಎರಡೂ ಹಸಿರು ಚಹಾ. ಸೆಂಚಾ ಮೊದಲ ದಿನದಿಂದಲೂ ನನ್ನ ಕೈಯಲ್ಲಿ ಹಾಗಲಕಾಯಿಯ ಹಾಗೆ ಕಹಿ. ಬಿಳಿ ಚಹಾ ಮಾತ್ರ ಜನವರಿಯಿಂದ ಮಾರ್ಚ್‌ವರೆಗೆ ಚೆನ್ನಾಗಿಯೇ ಆಗುತ್ತಿತ್ತು. ಏಪ್ರಿಲ್ ಕೊನೆಯಿಂದ ಅದಕ್ಕೆ ಏನಾಗಿದೆಯೋ ತಿಳಿಯದು. ಸೋಸಿದ ಎರಡು ನಿಮಿಷದೊಳಗೆ ತಿಳಿಹಳದಿ ಹೋಗಿ ನೇರಳೆ ಬೆರೆತ ಬೂದುಬಣ್ಣ ಬರುತ್ತದೆ, ಸ್ಲೇಟು ತೊಳೆದ ನೀರಿನ ಹಾಗೆ. ಮೇಲೆ ತೆಳುವಾದ ಕೆನೆಯಂಥದ್ದು ಕಟ್ಟುತ್ತದೆ. ಲಾಂಗ್‌ಜಿಂಗಿನದ್ದೂ ಅದೇ ಕಥೆ. ಎಲೆ ಹಾಳಾಯಿತೇ ಎಂದು ಅದೇ ಪೊಟ್ಟಣದ ಸ್ವಲ್ಪ ಎಲೆಯನ್ನು ಮಂಗಳೂರಿನ ಬಿಜೈಯಲ್ಲಿರುವ ತಂಗಿಯ ಮನೆಗೆ ಒಯ್ದು ಮಾಡಿ ನೋಡಿದೆ. ಅಲ್ಲಿ ಚೆನ್ನಾಗಿಯೇ ಬಂತು!

ಇನ್ನೂ ಕೆಲವು ಸಂದೇಹಗಳಿವೆ. ಜೂನ್ ಬಂದರೆ ನಮ್ಮಲ್ಲಿ ಹಪ್ಪಳವೂ ಮೆತ್ತಗಾಗುತ್ತದೆ, ಈ ಎಲೆಗಳನ್ನು ಹೇಗೆ ಇಡುವುದು? ಈ ಮೂರು ಮುಗಿದ ಮೇಲೆ ತಿಂಗಳಿಗೆ ಐನೂರು ರೂಪಾಯಿಯ ಒಳಗೆ ಯಾವುದನ್ನು ಕೊಳ್ಳಬಹುದು? ಅಮ್ಮನಿಗೆ 78 ವರ್ಷ, ರಕ್ತಹೀನತೆಗೆ ಕಬ್ಬಿಣದ ಮಾತ್ರೆ ತೆಗೆದುಕೊಳ್ಳುತ್ತಾರೆ, ರಾತ್ರಿ ನಿದ್ದೆ ಕಡಿಮೆ. ಬಿಳಿ ಚಹಾದಲ್ಲಿ ಕೆಫೀನ್ ಇಲ್ಲ ಎಂದು ಎಲ್ಲೋ ಓದಿದೆ. ಅವರಿಗೂ ಕೊಡಬಹುದೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಬಂದರು ದಿನಸಿ (ಮಂಗಳೂರು), ಮೇ 9

ಅಕ್ಕ, ನಮ್ಮದು ಬಂದರಿನಲ್ಲಿ ಅಜ್ಜನ ಕಾಲದ ದಿನಸಿ ಅಂಗಡಿ. ಬಣ್ಣದ ವಿಷಯ ಬಲ್ಲವರು ಹೇಳಲಿ, ನಾನು ಇಡುವುದು ಮತ್ತು ಕೊಳ್ಳುವುದರ ಬಗ್ಗೆ ಹೇಳುತ್ತೇನೆ.

ಚಹಾ ಎಲೆ ಒಣಗಿಸಿದ ಪದಾರ್ಥ. ಸುತ್ತಲಿನ ತೇವವನ್ನೂ ವಾಸನೆಯನ್ನೂ ಎಳೆದುಕೊಳ್ಳುವುದೇ ಅದರ ಗುಣ. ನಮ್ಮ ಅಂಗಡಿಯಲ್ಲೇ ಒಮ್ಮೆ ಒಳ್ಳೆಯ ಡಾರ್ಜಿಲಿಂಗ್ ಚಹಾದ ಪೆಟ್ಟಿಗೆಯನ್ನು ಇಂಗಿನ ಡಬ್ಬದ ಪಕ್ಕದಲ್ಲಿ ಹತ್ತು ದಿನ ಇಟ್ಟಿದ್ದೆವು. ಆಮೇಲೆ ಅದನ್ನು ಯಾರಿಗೂ ಮಾರಲು ಮನಸ್ಸು ಬರಲಿಲ್ಲ. ಆದ್ದರಿಂದ ಸಾಂಬಾರು ಪುಡಿ, ಕಾಫಿ ಪುಡಿ, ಒಣಮೀನು ಇರುವ ಕಪಾಟಿನಲ್ಲಿ ಇದನ್ನು ಇಡಲೇಬೇಡಿ. ಬೆಳಕು ಬೀಳುವ ಗಾಜಿನ ಭರಣಿಯೂ ಬೇಡ, ಹಸಿರು ಎಲೆ ಬೆಳಕಿಗೆ ಬಹಳ ಬೇಗ ಮಂಕಾಗುತ್ತದೆ. ಜಿಪ್ ಇರುವ ಅಲ್ಯೂಮಿನಿಯಂ ಹಾಳೆಯ ಪೊಟ್ಟಣದಿಂದ ಗಾಳಿ ಒತ್ತಿ ತೆಗೆದು, ಅದನ್ನು ಬಿಗಿ ಮುಚ್ಚಳದ ಸ್ಟೀಲ್ ಡಬ್ಬದೊಳಗೆ ಇಡಿ. ಹತ್ತು ದಿನಕ್ಕೆ ಬೇಕಾದಷ್ಟನ್ನು ಬೇರೆ ಚಿಕ್ಕ ಡಬ್ಬಕ್ಕೆ ಹಾಕಿಕೊಂಡರೆ ದೊಡ್ಡದನ್ನು ದಿನವೂ ತೆರೆಯಬೇಕಾಗುವುದಿಲ್ಲ.

ಫ್ರಿಡ್ಜಿನಲ್ಲಿ ಇಡಬಹುದು, ಆದರೆ ಹೊರಗೆ ತೆಗೆದ ಕೂಡಲೇ ತೆರೆಯಬಾರದು. ನಮ್ಮ ಊರಿನ ಗಾಳಿಯಲ್ಲಿ ತಣ್ಣನೆಯ ಎಲೆಯ ಮೇಲೆ ಬೆವರಿನಂತೆ ನೀರು ಕೂರುತ್ತದೆ. ಮೂರು ನಾಲ್ಕು ಗಂಟೆ ಹೊರಗಿಟ್ಟು, ಪೊಟ್ಟಣ ಕೋಣೆಯಷ್ಟೇ ಬೆಚ್ಚಗಾದ ಮೇಲೆ ತೆರೆಯಿರಿ.

ಕೊಳ್ಳುವಾಗ ಪ್ಯಾಕ್ ಮಾಡಿದ ದಿನಾಂಕ ನೋಡಿ. ಎಲೆ ಕಿತ್ತ ತಿಂಗಳೂ ಬರೆದಿದ್ದರೆ ಇನ್ನೂ ಒಳ್ಳೆಯದು. ಹಸಿರು ಚಹಾ ಒಂದು ವರ್ಷದೊಳಗೆ ಮುಗಿಯಬೇಕು. ಬಾಯಿ ತೆರೆದ ದೊಡ್ಡ ಡಬ್ಬದಿಂದ ತೂಗಿ ಕೊಡುವ ಹಸಿರು ಚಹಾವನ್ನು ಮಳೆಗಾಲದಲ್ಲಿ ಕೊಳ್ಳಬೇಡಿ, ಅದು ನಮ್ಮ ಅಂಗಡಿಯಲ್ಲೇ ಆದರೂ ಸರಿ.

ಕಟಪಾಡಿ ಕುಡಿಎಲೆ (ಕಟಪಾಡಿ), ಮೇ 10

ಟೀಚರಿಗೆ ನಮಸ್ಕಾರ. ನಾನು ಕೂನೂರಿನ ಹತ್ತಿರ ಒಂದು ಚಹಾ ಕಾರ್ಖಾನೆಯಲ್ಲಿ 26 ವರ್ಷ ಎಲೆ ಬಾಡಿಸುವ ವಿಭಾಗ ನೋಡಿಕೊಂಡವನು. ಊರಿಗೆ ಮರಳಿ ಏಳು ವರ್ಷವಾಯಿತು.

ಮೊದಲು ಒಂದು ಪ್ರಶ್ನೆ. ಏಪ್ರಿಲ್ ಕೊನೆಗೆ ನಿಮ್ಮ ತೆರೆದ ಬಾವಿಯ ನೀರು ಕೆಳಗೆ ಹೋಗಿ ನೀವು ಕೊಳವೆಬಾವಿಯ ನೀರಿಗೆ ಬದಲಾದಿರಾ? ಬಚ್ಚಲಿನ ಬಕೆಟ್ಟಿನ ಒಳಬದಿಯಲ್ಲಿ ಕೆಂಪು ಕಲೆ ಕಟ್ಟುತ್ತಿದೆಯೇ? ಬಿಳಿ ಪಂಚೆ ಒಗೆದರೆ ಹಳದಿ ತಿರುಗುತ್ತಿದೆಯೇ? ಹೌದಾದರೆ ನಿಮ್ಮ ಎಲೆಯದ್ದು ಏನೂ ತಪ್ಪಿಲ್ಲ, ನೀರಿನಲ್ಲಿ ಕಬ್ಬಿಣವಿದೆ. ನೆಲ್ಲಿಕಾಯಿಯನ್ನು ಕಬ್ಬಿಣದ ಮೆಟ್ಟುಕತ್ತಿಯಲ್ಲಿ ಹೆಚ್ಚಿದರೆ ಕತ್ತಿ ತಾಗಿದ ಕಡೆ ಕಪ್ಪಾಗುವುದನ್ನು ಕಂಡಿದ್ದೀರಲ್ಲ? ಅದೇ ಇದು. ಒಗರು ಇರುವ ಪದಾರ್ಥಕ್ಕೆ ಕಬ್ಬಿಣ ಸೇರಿದರೆ ಮಸಿಯ ಬಣ್ಣ ಬರುತ್ತದೆ. ಕಲಂಕಾರಿ ಬಟ್ಟೆಯವರು ಅಳಲೆಕಾಯಿ ಮತ್ತು ಕಬ್ಬಿಣದಿಂದ ಕಪ್ಪು ಬಣ್ಣ ಬರಿಸುವುದೂ ಹೀಗೆಯೇ. ಹಾಲು ಹಾಕಿದ ಚಹಾದಲ್ಲಿ ಇದು ಸುಲಭಕ್ಕೆ ಗೊತ್ತಾಗುವುದಿಲ್ಲ. ತಿಳಿ ಚಹಾದಲ್ಲಿ ಅಡಗಿಸಿಡಲು ಜಾಗವಿಲ್ಲ.

ಪರೀಕ್ಷೆ ಸುಲಭ. ಎರಡು ಬಿಳಿ ಪಿಂಗಾಣಿ ಬಟ್ಟಲು ತೆಗೆದುಕೊಳ್ಳಿ. ಒಂದಕ್ಕೆ ಮನೆಯ ನೀರು, ಇನ್ನೊಂದಕ್ಕೆ ಬಾಟಲಿಯ ನೀರು. ಅದೇ ಎಲೆ, ಅದೇ ತೂಕ, ಅಷ್ಟೇ ಹೊತ್ತು. ಕಪ್ಪಾದದ್ದಕ್ಕೆ ಎರಡು ಹನಿ ಲಿಂಬೆರಸ ಬಿಟ್ಟು ನೋಡಿ, ಮಸಿಬಣ್ಣ ಬಹುಪಾಲು ಬಿಟ್ಟುಹೋಗಬೇಕು. ಕೊಳವೆಬಾವಿಯ ನೀರನ್ನು ಅಗಲ ಬಾಯಿಯ ಪಾತ್ರೆಯಲ್ಲಿ ಮೇಲಿನಿಂದ ಸುರಿದು ಒಂದು ರಾತ್ರಿ ಬಿಟ್ಟರೆ ಗಾಳಿ ತಾಗಿ ಕಬ್ಬಿಣದ ಒಂದಿಷ್ಟು ಪಾಲು ಕೆಂಪು ಗಸಿಯಾಗಿ ತಳಕ್ಕೆ ಕೂರುತ್ತದೆ. ಮೇಲಿನ ನೀರನ್ನು ಅಲುಗಿಸದೆ ಬಸಿದುಕೊಳ್ಳಿ. ಮಳೆ ಬಂದು ತೆರೆದ ಬಾವಿ ತುಂಬಿದ ಮೇಲೆ ಚಿಂತೆಯಿಲ್ಲ. ನಮ್ಮ ಮುರಕಲ್ಲಿನ ಬಾವಿಗಳ ನೀರು ಸಾಮಾನ್ಯವಾಗಿ ಮೆದು, ಇಂತಹ ಚಹಾಕ್ಕೆ ಹೇಳಿ ಮಾಡಿಸಿದಂತಿರುತ್ತದೆ.

ಇನ್ನು ಸೆಂಚಾದ ಕಹಿ. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಕಹಿ ಬೇರೆ, ಒಗರು ಬೇರೆ. ಒಗರು ಈ ಎಲೆಯ ಹುಟ್ಟುಗುಣ, ಅದಿಲ್ಲದಿದ್ದರೆ ಚಹಾ ಸಪ್ಪೆ. ನೆಲ್ಲಿಕಾಯಿ ಜಗಿದು ನೀರು ಕುಡಿದಾಗ ಗಂಟಲಿನಿಂದ ಸಿಹಿ ಏಳುತ್ತದಲ್ಲ, ಒಳ್ಳೆಯ ಹಸಿರು ಚಹಾ ಕೊನೆಗೆ ಕೊಡುವುದು ಅದನ್ನೇ. ಬೆಂಗಳೂರಿನಲ್ಲಿ ನಿಮ್ಮ ಬಾಯಲ್ಲಿ ಉಳಿದದ್ದೂ ಅದೇ. ನಾಲಿಗೆಯ ಹಿಂಬದಿಗೆ ಅಂಟಿಕೊಂಡು ಮುಖ ಹಿಂಡಿಸುವ ಕಹಿ ಮಾತ್ರ ನಾವು ಮಾಡುವಾಗ ಆದ ತಪ್ಪು. ಎಲೆಯ ಕಹಿ ಅಂಶಗಳು ಕುದಿಯುವ ನೀರಿನಲ್ಲಿ ಒಮ್ಮೆಲೇ ಬಿಟ್ಟುಕೊಳ್ಳುತ್ತವೆ. ಸವಿ ಕೊಡುವ ಅಂಶ ಕಡಿಮೆ ಬಿಸಿಯಲ್ಲೂ ಇಳಿಯುತ್ತದೆ. ಜಪಾನಿನವರು ಎಲೆಯನ್ನು ಕಿತ್ತ ಕೂಡಲೇ ಹಬೆಯಲ್ಲಿ ಬೇಯಿಸಿ ಒಣಗಿಸುತ್ತಾರೆ. ಆ ಎಲೆ ಮೆತ್ತಗೆ, ಸಣ್ಣ ಚೂರುಗಳೂ ಬಹಳ, ಬೇಗ ಬಿಟ್ಟುಕೊಳ್ಳುತ್ತದೆ. ಅದಕ್ಕೆ 65ರಿಂದ 70 ಡಿಗ್ರಿಯ ನೀರು, ಒಂದು ನಿಮಿಷ ಸಾಕು. ಚೀನಾದ ಲಾಂಗ್‌ಜಿಂಗನ್ನು ಬಾಣಲೆಯಲ್ಲಿ ಕೈಯಿಂದ ಒತ್ತಿ ಹುರಿಯುತ್ತಾರೆ, ಅದಕ್ಕೇ ಆ ಚಪ್ಪಟೆ ಆಕಾರ. 80 ಡಿಗ್ರಿ, ಎರಡು ನಿಮಿಷ. ನಿಮ್ಮ ಬಿಳಿ ಚಹಾಕ್ಕೆ 85 ಡಿಗ್ರಿಯ ಆಸುಪಾಸು, ನಾಲ್ಕೈದು ನಿಮಿಷ ಬಿಟ್ಟರೂ ಸಿಟ್ಟಾಗುವುದಿಲ್ಲ.

ಥರ್ಮಾಮೀಟರ್ ಬೇಕಿಲ್ಲ. ಕುದಿಯುವ ನೀರು ಮೂರು ಪಾಲು, ಹೂಜಿಯ ನೀರು ಒಂದು ಪಾಲು. ಎಷ್ಟು ಡಿಗ್ರಿಯಾಗುತ್ತದೆ ಎಂಬುದನ್ನು ಗಣಿತದ ಟೀಚರಿಗೆ ನಾನು ಹೇಳಿಕೊಡಬೇಕಾಗಿಲ್ಲ.

ಚಮಚದ ಲೆಕ್ಕವನ್ನು ಬಿಟ್ಟುಬಿಡಿ. ಬಿಳಿ ಮೊಗ್ಗು ಹತ್ತಿಯಂತೆ ಹಗುರ, ಒಂದು ಚಮಚದಲ್ಲಿ ಒಂದು ಗ್ರಾಂ ಹಿಡಿದರೆ ಹೆಚ್ಚು. ಅದೇ ಚಮಚದಲ್ಲಿ ಸೆಂಚಾ ಎರಡೂವರೆ ಮೂರು ಗ್ರಾಂ ಕೂರುತ್ತದೆ. ಒಂದು ಸಪ್ಪೆ, ಇನ್ನೊಂದು ಕಹಿ ಆಗುವುದಕ್ಕೆ ಇದೂ ಕಾರಣ. ಚಿನ್ನ ತೂಗುವಂಥ ಚಿಕ್ಕ ಡಿಜಿಟಲ್ ತಕ್ಕಡಿ ಒಂದಿದ್ದರೆ ಜೀವನಪೂರ್ತಿ ಸಾಕು. 150 ಮಿಲಿಲೀಟರ್ ನೀರಿಗೆ ಎರಡರಿಂದ ಎರಡೂವರೆ ಗ್ರಾಂ. ಒಮ್ಮೆ ಬಸಿದ ಎಲೆಯನ್ನು ಎಸೆಯಬೇಡಿ, ಮೂರು ಸಲ ನೀರು ಹೊಯ್ಯಬಹುದು. ಎರಡನೆಯ ಸುತ್ತು ಎಷ್ಟೋ ಸಲ ಮೊದಲನೆಯದಕ್ಕಿಂತ ರುಚಿ.

ನಿಮ್ಮ ಪೊಟ್ಟಣದ ಬಿಳಿ ಚಹಾ ಹೇಗಾಗುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ, ಅದನ್ನು ಬರೆಯುವಾಗ ನನಗೆ ಸಂತೋಷವಾಗುತ್ತದೆ. ಹಸಿರು, ಬಿಳಿ, ಕಪ್ಪು ಎಲ್ಲವೂ ಒಂದೇ ಗಿಡದವು. ಮಾಮೂಲಿ ಚಹಾಕ್ಕೆ ಎರಡೆಲೆ ಒಂದು ಕುಡಿ ಕೀಳುತ್ತಾರೆ, ಬಾಡಿಸುತ್ತಾರೆ, ಯಂತ್ರದಲ್ಲಿ ಹಿಂಡಿ ಹರಿದು ಗುಂಡಾಗಿಸುತ್ತಾರೆ. ನಿಮ್ಮಲ್ಲಿರುವಂಥ ಬಿಳಿ ಚಹಾಕ್ಕೆ ಇನ್ನೂ ಬಿಚ್ಚಿಕೊಳ್ಳದ ಕುಡಿ ಮಾತ್ರ. ನೀಲಗಿರಿಯಲ್ಲಿ ಡಿಸೆಂಬರ್, ಜನವರಿಯ ಚಳಿಗೆ ಗಿಡ ನಿಧಾನವಾಗಿ ಚಿಗುರುತ್ತದೆ, ಆಗಿನ ಎಲೆಗೆ ಪರಿಮಳ ಜಾಸ್ತಿ. ಕಿತ್ತ ಕುಡಿಗಳನ್ನು ಜಾಲರಿಯ ತಟ್ಟೆಯ ಮೇಲೆ ಒಂದರ ಮೇಲೊಂದು ಬೀಳದ ಹಾಗೆ ಹರಡುತ್ತಿದ್ದೆವು. ತಿಕ್ಕುವುದಿಲ್ಲ, ಹೊಸಕುವುದಿಲ್ಲ, ಬಾಡಿ ಒಣಗಲು ಬಿಡುವುದು ಅಷ್ಟೇ. ರಾತ್ರಿ ಪಾಳಿಯಲ್ಲಿ ಎರಡು ಗಂಟೆಗೊಮ್ಮೆ ಹೋಗಿ ಬೆರಳ ತುದಿಯಲ್ಲಿ ಮುಟ್ಟಿ ನೋಡಬೇಕು. ಮೊದಲು ಸೇವಂತಿಗೆಯ ಎಸಳಿನ ಹಾಗೆ ತಣ್ಣಗಿರುತ್ತದೆ, ಬೆಳಗಿನ ಜಾವಕ್ಕೆ ಬೆಕ್ಕಿನ ಕಿವಿಯಂತೆ ಮೆತ್ತಗಾಗುತ್ತದೆ. ಕೈ ಹಿಂದೆ ತೆಗೆದರೆ ಬೆರಳಿಗೆ ಬೆಳ್ಳಿಯಂತಹ ನವಿರು ರೋಮ ಅಂಟಿರುತ್ತಿತ್ತು. ನಿಮ್ಮ ಪೊಟ್ಟಣವನ್ನು ಕಪ್ಪು ಕಾಗದದ ಮೇಲೆ ಸ್ವಲ್ಪ ಕೊಡವಿ ನೋಡಿ, ಆ ರೋಮ ಬಿದ್ದರೆ ಒಳ್ಳೆಯ ಕೈಯಲ್ಲಿ ಆದ ಚಹಾ ಎಂದು ತಿಳಿಯಿರಿ. ನಾಲ್ಕರಿಂದ ಐದು ಕಿಲೋ ಹಸಿ ಎಲೆ ಒಣಗಿದರೆ ಒಂದು ಕಿಲೋ ಚಹಾ. ಅದರಲ್ಲೂ ಬರೀ ಕುಡಿ ಎಂದರೆ ಎಷ್ಟು ಜನರ ಎಷ್ಟು ಹೊತ್ತಿನ ಕೆಲಸ ಎಂದು ಯೋಚಿಸಿ. ಆ ಹೆಂಗಸರ ಬೆರಳುಗಳು ಓಡುವುದನ್ನು ನೋಡಿದವನಿಗೆ ಬಿಳಿ ಚಹಾದ ಬೆಲೆ ದುಬಾರಿ ಎನಿಸುವುದಿಲ್ಲ.

ಮಣಿಪಾಲ ರಾತ್ರಿಪಾಳಿ (ಮಣಿಪಾಲ), ಮೇ 10

ಅಮ್ಮನ ವಿಚಾರವನ್ನು ಮಾತ್ರ ಹೇಳುತ್ತೇನೆ, ನಾನು ದಾದಿ. ಬಿಳಿ ಚಹಾದಲ್ಲಿ ಕೆಫೀನ್ ಇಲ್ಲ ಎನ್ನುವುದು ತಪ್ಪು. ಎಳೆಯ ಕುಡಿಯಲ್ಲೇ ಕೆಫೀನ್ ಹೆಚ್ಚು, ಬಲಿತ ಎಲೆಯಲ್ಲಿ ಕಡಿಮೆ. ಒಂದು ಲೋಟ ಕಾಫಿಗಿಂತ ಕಡಿಮೆ ಇರುತ್ತದೆ, ಅಷ್ಟೇ. ನಿದ್ದೆ ಕಡಿಮೆ ಇರುವವರು ಮಧ್ಯಾಹ್ನ ಎರಡು ಗಂಟೆಯ ನಂತರ ಕುಡಿಯದಿರುವುದು ಒಳ್ಳೆಯದು.

ಇನ್ನೊಂದು ಬಹಳ ಮುಖ್ಯ. ಚಹಾದ ಒಗರು ಅಂಶ ಸೊಪ್ಪು, ಕಾಳು, ಮಾತ್ರೆಯಲ್ಲಿರುವ ಕಬ್ಬಿಣವನ್ನು ಹಿಡಿದುಕೊಂಡು ಅದು ದೇಹಕ್ಕೆ ಸೇರದಂತೆ ಮಾಡುತ್ತದೆ. ಮೇಲಿನವರು ಬಟ್ಟಲಿನಲ್ಲಿ ತೋರಿಸಿದ್ದು ಹೊಟ್ಟೆಯಲ್ಲೂ ನಡೆಯುತ್ತದೆ ಎಂದುಕೊಳ್ಳಿ. ಮಾತ್ರೆಗೂ ಚಹಾಕ್ಕೂ ನಡುವೆ ಎರಡು ಗಂಟೆಯಾದರೂ ಅಂತರ ಬೇಕು, ಊಟದ ಜೊತೆಗೂ ಬೇಡ. ಬರಿ ಹೊಟ್ಟೆಯಲ್ಲಿ ಕುಡಿದರೆ ಕೆಲವರಿಗೆ ಹೊಟ್ಟೆ ತೊಳೆಸುತ್ತದೆ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಒಂದು ಚಿಕ್ಕ ಬಟ್ಟಲು ಕೊಡಬಹುದು. ರಕ್ತ ತೆಳುವಾಗಿಸುವ ಮಾತ್ರೆಯನ್ನೂ ತೆಗೆದುಕೊಳ್ಳುತ್ತಿದ್ದರೆ ವೈದ್ಯರನ್ನು ಕೇಳದೆ ಶುರು ಮಾಡಬೇಡಿ.

ಹಿತ್ತಲಮನೆ (ಸಂತೆಕಟ್ಟೆ, ಉಡುಪಿ), ಮೇ 13

ಕಟಪಾಡಿಯವರೇ, ನೀವು ನಮ್ಮ ಬಚ್ಚಲುಮನೆಗೆ ಬಂದು ನೋಡಿದವರಂತೆ ಬರೆದಿದ್ದೀರಿ. ಏಪ್ರಿಲ್ 24ರಿಂದ ಕೊಳವೆಬಾವಿಯ ನೀರು. ಬಕೆಟ್ಟಿನಲ್ಲಿ ಕೆಂಪು ಕಲೆ ಇದೆ. ನಮ್ಮವರ ಬಿಳಿ ಪಂಚೆಯ ವಿಷಯದಲ್ಲಿ ನಾನು ಸಾಬೂನಿಗೆ ಬೈಯುತ್ತಿದ್ದೆ.

ಪರೀಕ್ಷೆ ಮಾಡಿದೆ. ಎರಡು ಬಿಳಿ ಬಟ್ಟಲು, ಎರಡರಲ್ಲೂ ಎರಡು ಗ್ರಾಂ ಲಾಂಗ್‌ಜಿಂಗ್. ಬಾಟಲಿಯ ನೀರಿನದ್ದು ತಿಳಿ ಹಸಿರುಹಳದಿಯಾಗಿ ಹಾಗೆಯೇ ಉಳಿಯಿತು. ಮನೆಯ ನೀರಿನದ್ದು ಅಂಚಿನಿಂದ ಶುರುವಾಗಿ ಒಳಗೆ ಮಬ್ಬಾಗುತ್ತಾ ಬಂತು, ಮಳೆಮೋಡ ಕವಿದ ಹಾಗೆ. ನಾಲ್ಕು ನಿಮಿಷಕ್ಕೆ ಬಟ್ಟಲಿನ ತಳದ ಹೂವಿನ ಚಿತ್ರ ಕಾಣದಾಯಿತು. ಲಿಂಬೆಯ ಎರಡು ಹನಿ ಬಿಟ್ಟೆ. ಹನಿ ಬಿದ್ದ ಜಾಗದಲ್ಲಿ ತಿಳಿ ವೃತ್ತ ಮೂಡಿ ಅಗಲವಾಗುತ್ತಾ ಹೋಗಿ ಹೂವು ಮತ್ತೆ ಕಂಡಿತು! ಅಮ್ಮನನ್ನೂ ಪಕ್ಕದ ಮನೆಯ ಮಕ್ಕಳನ್ನೂ ಕರೆದು ಇನ್ನೊಮ್ಮೆ ಮಾಡಿ ತೋರಿಸಿದೆ. ಶಾಲೆ ಶುರುವಾದ ಮೇಲೆ ವಿಜ್ಞಾನದ ಅಧ್ಯಾಪಕರಿಗೂ ಹೇಳಬೇಕು.

ನೀರು ಬೆರೆಸುವ ಲೆಕ್ಕವನ್ನೂ ಮಾಡಿದೆ. ಹೂಜಿಯ ನೀರು 28 ಡಿಗ್ರಿ ಎಂದು ಹಿಡಿದರೆ ಮೂರಕ್ಕೆ ಒಂದು ಪಾಲು ಬೆರೆಸಿದಾಗ 82, ಎರಡಕ್ಕೆ ಒಂದು ಬೆರೆಸಿದಾಗ 76, ಸಮ ಸಮ ಆದರೆ 64. ಬಟ್ಟಲು ಹೀರಿಕೊಳ್ಳುವ ಬಿಸಿ ಈ ಲೆಕ್ಕಕ್ಕೆ ಸೇರಿಲ್ಲ. ಸೆಂಚಾಕ್ಕೆ ಮೂರು ಪಾಲು ಬಿಸಿಗೆ ಎರಡು ಪಾಲು ತಣ್ಣೀರು ಬೆರೆಸಿ 71ರ ಹತ್ತಿರ ತಂದೆ. ಒಂದು ನಿಮಿಷಕ್ಕೆ ಬಸಿದೆ. ಕಹಿಯ ಸುಳಿವೇ ಇಲ್ಲ. ಎಳೆ ಹರಿವೆ ಸೊಪ್ಪು ಬೇಯುವಾಗಿನ ಘಮ, ಹಿಂದೆಯೇ ಮಲ್ಪೆಯ ಕಡಲ ಗಾಳಿಯ ಉಪ್ಪಿನಂಥದ್ದು. ನಾಲ್ಕು ತಿಂಗಳು ಈ ಎಲೆಯನ್ನು ಕುದಿಸಿ ಕುದಿಸಿ ಚೆಲ್ಲಿದೆನಲ್ಲ ಎಂದು ಬಹಳ ಬೇಸರವಾಯಿತು.

ಲಾಂಗ್‌ಜಿಂಗಿನ ಘಮ ಯಾವುದರ ಹಾಗೆ ಎಂದು ಎರಡು ದಿನ ಯೋಚಿಸಿದೆ. ಅಮ್ಮ ಮೂಸಿದವರೇ "ಕೆಂಡದಲ್ಲಿ ಸುಟ್ಟ ಹಲಸಿನ ಬೀಜ" ಎಂದರು. ಹೌದು, ಅದೇ. ಅಮ್ಮನಿಗೆ ಹನ್ನೊಂದು ಗಂಟೆಗೆ ಅರ್ಧ ಬಟ್ಟಲು ಎಂದು ನಿಗದಿ ಮಾಡಿದ್ದೇನೆ. ಮಾತ್ರೆ ರಾತ್ರಿಗೆ ಹೋಯಿತು. ಮಣಿಪಾಲದವರಿಗೆ ತುಂಬಾ ಕೃತಜ್ಞತೆಗಳು.

ಇನ್ನು ಉಳಿದದ್ದು ಏನು ಕೊಳ್ಳುವುದು ಎಂಬುದು.

ಕಟಪಾಡಿ ಕುಡಿಎಲೆ (ಕಟಪಾಡಿ), ಮೇ 14

ಅಮ್ಮನ ಮೂಗು ಬಹಳ ಚುರುಕು ಟೀಚರೇ. ಚೀನಾದ ಹಾಂಗ್‌ಝೌ ಕಡೆಯವರು ಆ ಘಮವನ್ನು ಹುರಿದ ಚೆಸ್ಟ್‌ನಟ್ ಕಾಯಿಗೆ ಹೋಲಿಸುತ್ತಾರೆ. ಅದನ್ನು ಕಾಣದ ನಮಗೆ ಹಲಸಿನ ಬೀಜವೇ ಸರಿಯಾದ ಹೋಲಿಕೆ.

ಐನೂರು ರೂಪಾಯಿಯಲ್ಲಿ ಲಾಂಗ್‌ಜಿಂಗಿನ ಹಿಂದೆ ಹೋಗಬೇಡಿ. ಅಲ್ಲಿ ಏಪ್ರಿಲ್ 5ರ ಸುಮಾರಿಗೆ ಬರುವ ಚಿಂಗ್‌ಮಿಂಗ್ ಹಬ್ಬಕ್ಕೆ ಮುಂಚೆ ಕಿತ್ತ ಎಲೆಗೆ ಭಾರೀ ಬೆಲೆ, ಆ ಹೆಸರನ್ನು ಹಾಕಿಕೊಂಡು ಬರುವ ಬೇರೆ ಊರಿನ ಎಲೆಯೂ ಬಹಳ. ನಮ್ಮ ದೇಶದಲ್ಲೇ ಹಿಮಾಚಲದ ಕಾಂಗ್ರಾ ಕಣಿವೆಯ ಹಸಿರು ಚಹಾ ಇದೆ. ಅಲ್ಲಿನ ತೋಟಗಳಲ್ಲಿ ಚೀನಾ ತಳಿಯ ಗಿಡಗಳು. 1905ರ ಭೂಕಂಪದಲ್ಲಿ ಆ ಉದ್ಯಮ ನೆಲಕಚ್ಚಿತು, ಹಿಂದಿನ ವೈಭವ ಮರಳಲಿಲ್ಲ. ಆದರೆ ಎಲೆಯ ಗುಣ ಹೋಗಿಲ್ಲ. ತೆಳು, ಹಿತ, ನಮ್ಮ ನಾಲಿಗೆಗೆ ಬೇಗ ಒಗ್ಗುತ್ತದೆ. ಅದನ್ನು ನಿತ್ಯಕ್ಕೆ 50 ಗ್ರಾಂ ತರಿಸಿ. ವಾರಕ್ಕೆರಡು ಸಲ ಮನಸ್ಸಿಟ್ಟು ಕುಡಿಯಲು ನೀಲಗಿರಿಯ ಬಿಳಿ ಚಹಾ 25 ಗ್ರಾಂ. ಕುಡಿಯ ಜೊತೆ ಒಂದೆರಡು ಎಲೆ ಸೇರಿದ, ಚೀನಾದವರು ಬೈ ಮುದಾನ್ ಎನ್ನುವ ಬಗೆಯದ್ದು ಸಿಕ್ಕಿದರೆ ಅದನ್ನೇ ತೆಗೆದುಕೊಳ್ಳಿ. ಬರೀ ಕುಡಿಗಳಿಂದ ಮಾಡಿದ್ದಕ್ಕಿಂತ ಅಗ್ಗ, ರುಚಿ ಇನ್ನೂ ತುಂಬಿರುತ್ತದೆ. ನನ್ನ ಮಟ್ಟಿಗೆ ನಾನು ಅದನ್ನೇ ಹೆಚ್ಚು ಇಷ್ಟಪಡುತ್ತೇನೆ.

ಹೊಸ ಪೊಟ್ಟಣ ಬಂದಾಗ ಮೊದಲ ಬಟ್ಟಲು ಕುಡಿದ ಮೇಲೆ ಒದ್ದೆ ಎಲೆಯನ್ನು ಬಿಳಿ ತಟ್ಟೆಯಲ್ಲಿ ಹರಡಿ ನೋಡಿ. ಒಣಗಿದಾಗ ಎಲ್ಲ ಎಲೆಯೂ ಚೆಂದವೇ, ನೀರಿನಲ್ಲಿ ಬಿಚ್ಚಿಕೊಂಡ ಮೇಲೆ ಸುಳ್ಳು ಹೇಳಲಾರದು. ಕುಡಿ, ಎಲೆ, ತೊಟ್ಟು ಗುರುತಿಸುವಂತಿರಬೇಕು. ಹಸಿರು ಚಹಾದ ಎಲೆಯ ಅಂಚು ಕೆಂಪಾಗಿದ್ದರೆ ಕಿತ್ತ ಮೇಲೆ ಬಿಸಿ ತಾಗಿಸುವುದಕ್ಕೆ ತಡವಾಗಿದೆ ಎಂದು ಅರ್ಥ. ಬರೀ ಚೂರು ಮತ್ತು ಹುಡಿ ಇದ್ದರೆ ಮತ್ತೆ ಅಲ್ಲಿಂದ ತರಿಸಬೇಡಿ.

ಬಿಳಿ ಚಹಾ ಹಳತಾದಷ್ಟೂ ಒಳ್ಳೆಯದು ಎಂಬ ಮಾತು ಕೇಳಿರಬಹುದು. ಚೀನಾದಲ್ಲಿ ವರ್ಷಗಟ್ಟಲೆ ಇಡುತ್ತಾರೆ, ನಿಜ. ನಮ್ಮ ಕರಾವಳಿಯ ಆಷಾಢದಲ್ಲಿ ಬೂಷ್ಟು ಹಿಡಿಯುತ್ತದೆ. ತಂದದ್ದನ್ನು ಕುಡಿದು ಮುಗಿಸಿ.

ಮಳೆಗೆ ಹಸಿರು ಎಲೆ ಸ್ವಲ್ಪ ಮೆತ್ತಗಾಗಿ ಘಮ ಹೋದರೆ ಅದಕ್ಕೊಂದು ದಾರಿಯಿದೆ. ಎಣ್ಣೆಯ ಜಿಡ್ಡಿಲ್ಲದ ಬಾಣಲೆಯಲ್ಲಿ, ಸಣ್ಣ ಉರಿಯಲ್ಲಿ, ಕೈಯಾಡಿಸುತ್ತಾ ಕಂದು ಬಣ್ಣ ಬರುವವರೆಗೆ ಹುರಿಯಿರಿ. ಜಪಾನಿನವರು ಹೋಜಿಚಾ ಎನ್ನುವುದು ಇಂತಹದ್ದನ್ನೇ. ಅದಕ್ಕೆ ಕುದಿಯುವ ನೀರನ್ನೇ ಹೊಯ್ಯಬಹುದು. ಸಂಜೆ ಗೋಳಿಬಜೆಯ ಜೊತೆ ಕುಡಿಯಲು ಈ ಹುರಿದ ಚಹಾದಷ್ಟು ಒಪ್ಪುವುದು ಇನ್ನೊಂದಿಲ್ಲ. ಬೂಷ್ಟಿನ ವಾಸನೆ ಬಂದಿದ್ದರೆ ಮಾತ್ರ ಹುರಿಯುವ ಗೋಜಿಗೆ ಹೋಗದೆ ಗಿಡದ ಬುಡಕ್ಕೆ ಹಾಕಿ.

ಮೇ ತಿಂಗಳ ಸೆಕೆಗೆ ಒಂದು ಲೀಟರ್ ಬಾಟಲಿ ನೀರಿಗೆ ಹತ್ತು ಗ್ರಾಂ ಸೆಂಚಾ ಹಾಕಿ ರಾತ್ರಿ ಫ್ರಿಡ್ಜಿನಲ್ಲಿಟ್ಟು ಬೆಳಿಗ್ಗೆ ಸೋಸಿ. ತಣ್ಣೀರಿನಲ್ಲಿ ಕಹಿ ಅಷ್ಟಾಗಿ ಇಳಿಯುವುದಿಲ್ಲ. ಪುನರ್ಪುಳಿ ಶರಬತ್ತಿನ ಜೊತೆಗೆ ಅದನ್ನೂ ಒಂದು ಬಾಟಲಿ ಇಟ್ಟುಕೊಳ್ಳಿ.

ಇನ್ನೊಂದು ಆಸೆ ಇದೆ, ಕೇಳಿ. ಮಳೆ ಹಿಡಿಯುವುದರೊಳಗೆ ಮಾಡಿ ನೋಡಬೇಕಾದದ್ದು. ಚೀನಾದಲ್ಲಿ ಮಲ್ಲಿಗೆ ಚಹಾಕ್ಕೆ ಬಳಸುವ ಹೂವೂ ನಮ್ಮ ಶಂಕರಪುರದ ಮಲ್ಲಿಗೆಯೂ ಒಂದೇ ಜಾತಿಯವು. ಮೊಗ್ಗನ್ನು ಹಗಲು ಕಿತ್ತಿಟ್ಟರೆ ರಾತ್ರಿ ಅರಳುತ್ತದೆ, ಅರಳುವ ಹೊತ್ತಿನಲ್ಲೇ ಪರಿಮಳ ಬಿಡುತ್ತದೆ. ಒಣ ಚಹಾ ಎಲೆ ಅದನ್ನು ಕುಡಿಯುತ್ತದೆ. ಬಂದರಿನವರು ಇಂಗಿನ ವಿಷಯದಲ್ಲಿ ಹೇಳಿದ ಗುಣವೇ ಇಲ್ಲಿ ವರವಾಗುತ್ತದೆ. ಪೇಟೆಯಲ್ಲಿ ಕಟ್ಟಿ ಮಾರುವ ಅಟ್ಟೆ ಮಲ್ಲಿಗೆ ಬೇಡ, ಔಷಧಿ ಸಿಂಪಡಿಸಿರುವ ಸಾಧ್ಯತೆ ಇದೆ. ನಮ್ಮ ಹಿತ್ತಲಿನಲ್ಲಿ ಸಿಂಪಡಿಸದ ನಾಲ್ಕು ಗಿಡಗಳಿವೆ, ಬಂದರೆ ಮೊಗ್ಗು ಕೊಡುತ್ತೇನೆ.

ಹಿತ್ತಲಮನೆ (ಸಂತೆಕಟ್ಟೆ, ಉಡುಪಿ), ಮೇ 24

ಕಳೆದ ಭಾನುವಾರ ಕಟಪಾಡಿಗೆ ಹೋಗಿ ಬಂದೆವು. ಅವರ ಮನೆಯ ಜಗಲಿಯಲ್ಲಿ ಕುಳಿತು ಬೈ ಮುದಾನ್ ಬಗೆಯ ಚಹಾವನ್ನು ನಾಲ್ಕು ಸುತ್ತು ಕುಡಿದೆವು. ಅವರು ಬಿಸಿನೀರನ್ನು ಎಲೆಯ ಮೇಲೆ ಸುರಿಯದೆ ಬಟ್ಟಲಿನ ಅಂಚಿನಿಂದ ಸುತ್ತಲೂ ಇಳಿಸುವುದನ್ನು ಕಲಿತುಕೊಂಡು ಬಂದೆ.

ಮಲ್ಲಿಗೆಯದ್ದು ಹೀಗಾಯಿತು. ಸಂಜೆ ಐದಕ್ಕೆ ಬಿಗಿಯಾದ ಮೊಗ್ಗುಗಳು, ಸುಮಾರು ಎರಡು ಬೊಗಸೆ. ಅಷ್ಟರಲ್ಲೇ ಬಂದ 50 ಗ್ರಾಂ ಕಾಂಗ್ರಾದಲ್ಲಿ 30 ಗ್ರಾಂ ತೆಗೆದುಕೊಂಡೆ. ಸ್ಟೀಲ್ ಡಬ್ಬದಲ್ಲಿ ಒಂದು ಪದರ ಎಲೆ, ಒಂದು ಪದರ ಮೊಗ್ಗು. ರಾತ್ರಿ ಹತ್ತಕ್ಕೆ ಮುಚ್ಚಳ ತೆಗೆದಾಗ ಮೊಗ್ಗುಗಳೆಲ್ಲ ಅರಳಿ ಎಲೆಯ ಪದರವನ್ನೇ ಮೇಲೆತ್ತಿದ್ದವು. ಕೈ ಹಾಕಿದರೆ ಒಳಗೆ ಬೆಚ್ಚಗಿತ್ತು. ಬೆಳಿಗ್ಗೆ ಅಮ್ಮ ಕನ್ನಡಕ ಹಾಕಿಕೊಂಡು ಬಾಡಿದ ಹೂಗಳನ್ನು ಒಂದೊಂದಾಗಿ ಆರಿಸಿ ತೆಗೆದರು. ಎಲೆ ತೇವವಾಗಿ ಮೆತ್ತಗಾಗಿತ್ತು. ಬಿಸಿ ಬಾಣಲೆಯನ್ನು ಒಲೆಯಿಂದ ಇಳಿಸಿ ಅದರ ಮೇಲೆ ತಟ್ಟೆಯಿಟ್ಟು ಒಣಗಿಸಿದೆವು. ಆ ದಿನದ ಚಹಾದಲ್ಲಿ ಪರಿಮಳ ಇತ್ತು, ಆದರೆ ಮೇಲುಮೇಲಿನದ್ದು, ಎರಡನೆಯ ಸುತ್ತಿಗೆ ಉಳಿಯಲಿಲ್ಲ. ಕಟಪಾಡಿಯವರಿಗೆ ಫೋನ್ ಮಾಡಿದೆ. ಚೀನಾದಲ್ಲಿಯೂ ಹಲವು ರಾತ್ರಿ ಹೊಸ ಹೂ ಹಾಕುತ್ತಾರೆ ಎಂದರು. ಬುಧವಾರ ಇನ್ನೊಮ್ಮೆ, ಶುಕ್ರವಾರ ಮತ್ತೊಮ್ಮೆ ಹಾಕಿದೆವು.

ನಿನ್ನೆ ಹನ್ನೊಂದು ಗಂಟೆಗೆ ಕುಡಿದೆವು. ಒಂದು ರಾತ್ರಿ ಮೊದಲೇ ಬಸಿದಿಟ್ಟ ನೀರು, ಮೂರು ಪಾಲಿಗೆ ಒಂದು ಪಾಲು, ಎರಡು ನಿಮಿಷ. ಬಟ್ಟಲಿನಲ್ಲಿ ಒಂದು ಎಸಳೂ ಇರಲಿಲ್ಲ, ಆದರೂ ಮಲ್ಲಿಗೆ ಇತ್ತು. ಅಮ್ಮ ಅರ್ಧ ಬಟ್ಟಲು ಮುಗಿಸಿ ಖಾಲಿ ಬಟ್ಟಲನ್ನೇ ಬಹಳ ಹೊತ್ತು ಮೂಗಿನ ಹತ್ತಿರ ಹಿಡಿದುಕೊಂಡಿದ್ದರು. ಆಮೇಲೆ ಅದೇ ಎಲೆಗೆ ಇನ್ನೊಮ್ಮೆ ನೀರು ಹಾಕು ಎಂದರು.

ಬಂದರಿನವರೇ, ಬಿಗಿ ಮುಚ್ಚಳದ ಚಿಕ್ಕ ಡಬ್ಬ ನಿಮ್ಮಲ್ಲಿ ಸಿಗುತ್ತದೆಯೇ? ಉಳಿದ ಹದಿನೆಂಟು ಗ್ರಾಂ ಇಡಬೇಕು, ಮಂಗಳವಾರ ಮಂಗಳೂರಿಗೆ ಬರುವುದಿದೆ.

ಬಂದರು ದಿನಸಿ (ಮಂಗಳೂರು), ಮೇ 24

ಇದೆ ಅಕ್ಕ. ಎರಡು ತೆಗೆದಿಟ್ಟಿದ್ದೇನೆ. ಇಂಗಿನಿಂದ ದೂರ.